ನಕ್ಷೆಯಲ್ಲಿ ಇಲ್ಲದ ಕೋಣೆ

ನಗರಸಭೆಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಕ್ಕ, ಅವಳ ತಮ್ಮ ನಿಂತಿದ್ದರು.

"ನಮ್ಮ ಜಾಗದಲ್ಲಿ ನಾಲ್ಕು ಸೈಟ್ ಮಾಡೋಕೆ ಮೂವತ್ತಡಿ ರಸ್ತೆ ಬೇಕಂತೆ ಅಕ್ಕ. ನಾವು ಬಿಟ್ಟಿರೋದು ಇಪ್ಪತ್ತೇ."

"ಇನ್ನು ಹತ್ತಡಿ ಎಲ್ಲಿಂದ ತರ್ತೀಯೋ?"

"ನಮ್ಮ ಮನೆ ಕಡೆಯಿಂದ."

"ಅಲ್ಲಿ ಅಮ್ಮನ ಕೋಣೆ ಇದೆಯಲ್ಲೋ!"

"ನಕ್ಷೇಲಿ ಅದನ್ನ ತೋರಿಸಿಲ್ಲ. ಖಾಲಿ ಜಾಗ ಅಂತ ಬರೆಸಿದೀನಿ."



"ನಗರಸಭೆಯವರು ಅಳೆಯೋಕೆ ಬಂದ್ರೆ?"

"ಇವತ್ತು ಮಧ್ಯಾಹ್ನವೇ ಬರ್ತಾರಂತೆ. ಕೈಕಾಲೇ ಆಡ್ತಿಲ್ಲ ಕಣೇ."

"ಅಯ್ಯೋ, ಮನೇಲಿ ಅಮ್ಮ ಒಬ್ಬಳೇ! ಇದೇ ನನ್ನ ಕೋಣೆ ಬನ್ನಿ ಅಂತ ಅವಳೇ ಒಳಗೆ ಕರ್ಕೊಂಡು ಹೋಗ್ತಾಳೆ."

ಕೌಂಟರಿನಲ್ಲಿ ಅವರ ನಂಬರ್ ಕೂಗಿದರು.

"ಬಾ ಅಕ್ಕ, ಮನೆಗೆ ಹೋಗ್ಬಿಡೋಣ."

"ಸುಮ್ನೆ ನಡಿ. ಮೂರೇ ಸೈಟ್ ಸಾಕು, ಇನ್ನೊಂದರ ಜಾಗ ರಸ್ತೆಗೆ ಬಿಡೋಣ. ಕೋಣೆ ಇದೆ ಅಂತ ನಾನೇ ಹೇಳ್ತೀನಿ."

ಅವನ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು.