ಸರ್ಕಲ್ಲಿನ ಮೂಡಣ ಬದಿಯ ಮೂರು ಕಲ್ಲು

ನನ್ನ ಹೆಸರು ಸಂಘಮಿತ್ರಾ, ತಂದೆ ಪುಟ್ಟಯ್ಯ, ವಯಸ್ಸು 27 ವರ್ಷ. ಶಿವಮೊಗ್ಗ ದುರ್ಗಿಗುಡಿಯ ಖಾಸಗಿ ರಸ್ತೆ ವಿನ್ಯಾಸ ಕಚೇರಿಯಲ್ಲಿ ಕಂಪ್ಯೂಟರ್ ಡ್ರಾಫ್ಟಿಂಗ್ ಕೆಲಸ. ವಾಸ ಭದ್ರಾವತಿ, ಹೊಸ ಸರ್ಕಲ್ಲಿನ ಪಡುವಣ ಬದಿಯ ಕಾಲೋನಿ. ದಿನಾಂಕ 12-07-2006ರಂದು ಬೆಳಿಗ್ಗೆ 10 ಗಂಟೆಗೆ ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಸರ್ಕಲ್ಲಿನ ಕಲ್ಲು ಕಿತ್ತವಳು ನಾನು. ನಿನ್ನೆ ಸಂಜೆ ನೀವು ಹಿಡಿದು ತಂದು ಕೂರಿಸಿರುವ ನಮ್ಮ ತಂದೆ ಕಿತ್ತಿಲ್ಲ.

ಆ ಸರ್ಕಲ್ಲನ್ನು ಕಂಪ್ಯೂಟರಿನಲ್ಲಿ ಬರೆದವಳೂ ನಾನೇ. ಮಳೆ ನೀರು ನಿಲ್ಲದಿರಲು ಸುತ್ತು ರಸ್ತೆಗೆ ಅಡ್ಡ ಇಳಿಜಾರು ಕೊಡಬೇಕು. ಕಳೆದ ಆಗಸ್ಟಿನಲ್ಲಿ ನಾನು ನಡುವಿನ ಗುಂಡು ಕಟ್ಟೆಯಿಂದ ಸುತ್ತಲೂ ಹೊರಕ್ಕೆ, ನೂರು ಅಡಿಗೆ ಎರಡೂವರೆ ಅಡಿಯಂತೆ ಇಳಿಜಾರು ಕೊಟ್ಟು ಎರಡೂ ಬದಿಗೆ ಚರಂಡಿ ತೋರಿಸಿದ್ದೆ. ಇಂಜಿನಿಯರ್ ಶಿವಯೋಗಿಯವರು ನೋಡಿ, ಮೂಡಣ ಬದಿ ಕಲ್ಯಾಣ ಮಂಟಪದ ಬಾಗಿಲಿಗೆ ಚರಂಡಿ ಬಂದರೆ ಮದುವೆ ದಿಬ್ಬಣದವರು ಹಾರಿಕೊಂಡು ಹೋಗಬೇಕಾ, ತಟ್ಟೆ ಓರೆ ಮಾಡಿದ ಹಾಗೆ ಇಡೀ ಸರ್ಕಲ್ಲನ್ನು ಪಡುವಣಕ್ಕೆ ಓರೆ ಮಾಡು, ಆ ಕಡೆ ಒಂದೇ ಚರಂಡಿ ಸಾಕು ಎಂದರು. ಆ ಕಡೆ ನಮ್ಮ ಮನೆಗಳಿವೆ ಸಾರ್ ಎಂದೆ. ಸರ್ವೆಯಲ್ಲಿ ಖಾಲಿ ಜಾಗ ಅಂತಿದೆ, ಎಲ್ಲಿದೆ ಮಾರಾಯ್ತಿ ನಿನ್ನ ಮನೆ, ತೋರಿಸು ಎಂದು ನಕ್ಕರು. ಸ್ಕ್ರೀನಿನ ಮೇಲೆ ತೋರಿಸಲು ಏನೂ ಇರಲಿಲ್ಲ. ಓಟಿನ ಪಟ್ಟಿಯಲ್ಲಿ ಮಾತ್ರ ನಮ್ಮ ಮನೆ ನಂಬರು ಒಮ್ಮೆಯೂ ತಪ್ಪಿಲ್ಲ.

ಓರೆ ಮಾಡಿದೆ. ನೀರಿನ ದಿಕ್ಕು ತೋರಿಸುವ ನೀಲಿ ಬಾಣಗಳೆಲ್ಲ ಒಟ್ಟಿಗೆ ನಮ್ಮ ಕಾಲೋನಿ ಕಡೆ ತಿರುಗಿದವು. ಆ ಕೋಣೆಯಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ.

ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ನಕ್ಷೆಯಲ್ಲಿದ್ದ ಆ ಒಂದು ಚರಂಡಿಯನ್ನೂ ಕಟ್ಟಿರಲಿಲ್ಲ. ಟ್ಯಾಂಕರಿನಿಂದ ರಸ್ತೆ ತೊಳೆದು ಕುಂಬಳಕಾಯಿ ಒಡೆದರು. ಕುಂಕುಮದ ನೀರು ನೆಟ್ಟಗೆ ಪಕ್ಕದ ಮನೆಯ ಹುಚ್ಚಮ್ಮನ ಹೊಸಿಲಿಗೆ ಬಂತು. ಪೂಜೆಗೆ ಕರೀದೇ ಇದ್ರೂ ತೀರ್ಥ ಮನೆಗೇ ಕಳಿಸಿದಾರಲ್ಲೇ, ದೊಡ್ಡ ಮನಸ್ಸು ಎಂದು ಹುಚ್ಚಮ್ಮ ನಕ್ಕಳು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಅವಳು ನಗಲಿಲ್ಲ. ಒಲೆಯೊಳಗೆ ನೀರು, ಅಕ್ಕಿ ಡಬ್ಬದಲ್ಲಿ ನೀರು. ನಲ್ಲಿಯ ಹತ್ತಿರ, ಗೆರೆ ಎಳೆಯೋವಾಗ ನಮ್ಮ ಮನೆ ಕಾಣಲಿಲ್ವೇನೇ ಎಂದು ಎಲ್ಲರ ಎದುರು ಕೇಳಿದಳು. ಅಂದಿನಿಂದ ನಾನು ಹೋದರೆ ಹೆಂಗಸರು ಅರ್ಧ ತುಂಬಿದ ಕೊಡವನ್ನೂ ಎತ್ತಿಕೊಂಡು ಹೊರಡುತ್ತಾರೆ. ಕಚೇರಿಯಲ್ಲಿ ಮೊದಲಿನಿಂದಲೂ ನನ್ನ ಊಟದ ಡಬ್ಬಿ ನಾನೊಬ್ಬಳೇ ಬಿಚ್ಚುತ್ತೇನೆ.

ನಿನ್ನೆ ಮಧ್ಯಾಹ್ನ 3 ಗಂಟೆಗೆ ಮಳೆ ಜೋರಾದಾಗ ನಮ್ಮ ತಂದೆಯ ಹಾರೆ ಹಿಡಿದು ಹೋದೆ. ಮೂಡಣ ಬದಿಯಿಂದ ಇಳಿದ ನೀರು ನಡುವಿನ ಕಟ್ಟೆಯ ಅಂಚುಗಲ್ಲಿಗೆ ಬಡಿದು, ಎರಡಾಗಿ ಸುತ್ತು ಹಾಕಿ ನಮ್ಮ ಕಡೆ ಬರುತ್ತದೆ. ಬಡಿಯುವ ಆ ಜಾಗದ ಮೂರು ಕಲ್ಲು ಕಿತ್ತೆ. ಕಟ್ಟೆಯೊಳಗೆ ಇನ್ನೂ ಮಣ್ಣು ತುಂಬಿರಲಿಲ್ಲ. ನೀರು ಒಳಕ್ಕೆ ನುಗ್ಗಿತು. ಪ್ರತಿಮೆಗೆಂದು ಇಟ್ಟ ಶಂಕುಸ್ಥಾಪನೆ ಕಲ್ಲು ಮುಳುಗಿತು. ಅಂಗಡಿ ಸಾಲಿನವರು ಬಾಗಿಲಲ್ಲಿ ನಿಂತು ನೋಡಿದರು. ಸಿನಿಮಾ ಶೂಟಿಂಗೇನಮ್ಮಾ ಎಂದು ಒಬ್ಬರು ಕೂಗಿದರು. ಕಾಲೋನಿಯವರು ಕಿಟಕಿಯಲ್ಲಿದ್ದರು. ಎರಡನೆಯ ಕಲ್ಲಿಗೆ ಕೈ ಬೊಬ್ಬೆ ಒಡೆಯಿತು. ಯಾರಾದರೂ ಬಂದು ಹಾರೆಗೆ ಕೈ ಕೊಡಬಹುದೆಂದು ಒಮ್ಮೆ ತಿರುಗಿ ನೋಡಿದೆ.

ಹಾರೆ ಅಲ್ಲೇ ಬಿಟ್ಟು ಬಂದೆ. ನಮ್ಮ ತಂದೆಯಂಥ ಎರಕದ ಕೆಲಸದವರು ತಮ್ಮ ಹತಾರಿನ ಮೇಲೆ ಹೆಸರಿನ ಅಕ್ಷರ ಹೊಡೆದಿರುತ್ತಾರೆ, ಅದರ ಮೇಲೆ 'ಪು' ಎಂದಿದೆ. ಅಷ್ಟು ಸಾಕಾಯಿತು ನಿಮಗೆ, ನೋಡಿದವರನ್ನು ಕೇಳಲಿಲ್ಲ. ಮಗಳ ಹೆಸರು ಬರುತ್ತದೆಂದು ಹೆದರಿ ಅವರೂ ತಾನೇ ಕಿತ್ತಿದ್ದೆಂದು ಒಪ್ಪಿಕೊಂಡಿದ್ದಾರೆ.

ನಿನಗೆ ಹಾರೆ ಎತ್ತಲಿಕ್ಕಾಗುತ್ತೇನಮ್ಮ ಎಂದು ರೈಟರ್ ಕೇಳಿದ್ದಾರೆ. ಅಂಗೈ ತೋರಿಸಿದ್ದೇನೆ. ಇನ್ನೂ ಅನುಮಾನವಿದ್ದರೆ ಸ್ಥಳ ನೋಡಿ. ನಮ್ಮ ತಂದೆ ಸಿಟ್ಟಿಗೆ ಕಿತ್ತಿದ್ದರೆ ಮನೆ ಎದುರಿನ ಕಲ್ಲನ್ನೇ ಕೀಳುತ್ತಿದ್ದರು. ಆಚೆ ಬದಿಗೆ ಹೋಗಿ, ಬೇರೆ ಯಾವುದನ್ನೂ ಮುಟ್ಟದೆ, ನೀರು ಬಡಿಯುವ ಮೂರನ್ನಷ್ಟೇ ಕಿತ್ತಿರುವುದು ನೀರಿನ ದಾರಿ ಬರೆದವರ ಕೆಲಸ. ನಮ್ಮ ಕಡೆ ಬರುವ ಅರ್ಧ ನೀರು ನಿಂತಿದೆ. ಉಳಿದರ್ಧ ನಿಲ್ಲಿಸಲು ಕೀಳಬಹುದಾದ ಕಲ್ಲು ಎಲ್ಲೂ ಇಲ್ಲ. ಅವರನ್ನು ಬಿಡಿ, ನನ್ನನ್ನು ಕೂರಿಸಿಕೊಳ್ಳಿ.

ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಓದಿ ಹೇಳಿದ್ದಾರೆ. ಇದು ನಿಜ. ಯಾರ ಒತ್ತಾಯವೂ ಇಲ್ಲ, ಯಾರ ಜೊತೆಯೂ ಇಲ್ಲ.

ಸ್ಥಳ: ಭದ್ರಾವತಿ
ದಿನಾಂಕ: 12-07-2006
ಸಹಿ: ಸಂಘಮಿತ್ರಾ ಪಿ.
ಸಾಕ್ಷಿ: ನೋಡಿದವರು ಬಹಳ. ಬಂದವರು ಇಲ್ಲ.