ಎಂಟು ಏಟಿನ ಜಾಗ

ಎಲ್ಲರಿಗೂ ನಮಸ್ಕಾರ. ಅತ್ತಿಗೆ — ನಿಮಗೆ ನಮಸ್ಕಾರ. ಮಗಳೇ, ನಿನಗೂ. ಮುಂದಿನ ಸಾಲಿನಲ್ಲಿರುವ ಕುಟುಂಬದವರಿಗೆ, ಹಿಂದೆ ಗೋಡೆಗೆ ಒರಗಿ ನಿಂತ ಗೆಳೆಯರಿಗೆ, ಕುರ್ಚಿ ಸಿಗದೆ ಮೆಟ್ಟಿಲ ಮೇಲೆ ಕೂತವರಿಗೆ — ಎಲ್ಲರಿಗೂ. ಇಷ್ಟು ಜನ ಸೇರ್ತಾರೆ ಅಂತ ಗೊತ್ತಿದ್ದರೆ ಈ ಹಾರ ಹಾಕಿದ ಫೋಟೋದಲ್ಲಿರೋ ನಮ್ಮ ಹಾಡುಗಾರ, ನಾವು ಬೇಡ ಬೇಡ ಅಂದರೂ ನಾಲ್ಕು ಹಾಡು ಹಾಡಿಯೇ ಇಳೀತಿದ್ದ.

ನನ್ನ ಪರಿಚಯ ಇಲ್ಲದವರಿಗೆ ಹೇಳಿಬಿಡ್ತೀನಿ. ನಾನು ಅವನ ಬ್ಯಾಂಡಿನ ಡ್ರಮ್ಮಿನವನು. ಹತ್ತೊಂಬತ್ತು ವರ್ಷ ಅವನ ಬೆನ್ನ ಹಿಂದೆ ಕೂತವನು. ನೀವೆಲ್ಲ ಅವನ ಮುಖ ನೋಡಿದ್ದೀರಿ — ನಾನು ನೋಡಿದ್ದು ಬೆನ್ನು. ಅವನ ಶರ್ಟು ಮೊದಲು ಎಲ್ಲಿ ಒದ್ದೆಯಾಗುತ್ತೆ ಅಂತ ಕೇಳಿ, ಹೇಳ್ತೀನಿ. ಈಗ ಹೊಟ್ಟೆಪಾಡಿಗೆ ಲಿಫ್ಟ್ ರಿಪೇರಿ ಮಾಡ್ತೀನಿ. ಮಾತು ನನ್ನ ಕಸುಬಲ್ಲ. ಅದಕ್ಕೇ ನಮ್ಮ ಗಿಟಾರಿನವನು ಒಂದು ಹಾಳೆ ಬರೆದುಕೊಟ್ಟಿದ್ದಾನೆ. 'ತುಂಬಲಾರದ ನಷ್ಟ' ಅಂತ ಶುರುವಾಗುತ್ತೆ. ಚೆನ್ನಾಗಿಯೇ ಬರೆದಿದ್ದಾನೆ. ಆದರೆ — ಇದು ಜೇಬಿನಲ್ಲೇ ಇರಲಿ. ತಪ್ಪು ತಿಳೀಬೇಡ ಮಾರಾಯ.

ಯಾಕೆ ಓದ್ತಿಲ್ಲ ಅಂದರೆ, ಇವತ್ತು ಬೆಳಿಗ್ಗೆ ಇಲ್ಲಿ ಕುರ್ಚಿ ಹಾಕ್ತಾ ಇದ್ದಾಗ ಈ ಮಗಳು ಬಂದು ನನ್ನನ್ನ ಒಂದು ಮಾತು ಕೇಳಿದಳು. "ಚಿಕ್ಕಪ್ಪ, ಅಪ್ಪ ಆಲ್ಬಮ್ಮಿನ ಆರನೇ ಹಾಡಿನ ಮಧ್ಯೆ ಸುಮ್ಮನಾಗಿಬಿಡ್ತಾರಲ್ಲ, ಯಾಕೆ?" ಅಂತ. ನಾನು ಏನಂದೆ ಗೊತ್ತಾ? "ಉಸಿರು ತಗೊಳ್ಳೋಕೆ ಪುಟ್ಟಾ" ಅಂದೆ. ಸುಳ್ಳು. ಅವಳು ತಲೆಯಾಡಿಸಿ ಹೋದಳು — ನಂಬಿದಳು ಪಾಪ. ಆ ಹಾಡಿನ ವಿಷಯದಲ್ಲಿ ನಾನು ಹೇಳಿದ ಎರಡನೇ ಸುಳ್ಳು ಅದು. ಮೊದಲನೆಯದು ಅವಳ ಅಪ್ಪನಿಗೆ ಹೇಳಿದ್ದೆ. ಎರಡನ್ನೂ ಇಲ್ಲೇ ಇಳಿಸಿ ಹೋಗ್ತೀನಿ. ಕೇಳಿದ ಮೇಲೆ ಬೈಬೇಕು ಅನ್ನಿಸಿದರೆ ಬೈಯಿರಿ, ಬಾಯಿ ಮುಚ್ಚಿಕೊಂಡು ಬೈಸಿಕೊಳ್ತೀನಿ.

ಮೊದಲು ಅವನ ಅಡ್ಡಹೆಸರು. ಪೋಸ್ಟರಿನಲ್ಲಿ ಏನೇ ಹಾಕಿರಲಿ, ನಮ್ಮೊಳಗೆ ಅವನು 'ಅವಸರ'. ಯಾಕೆ ಅಂದರೆ — ನೋಡಿ, ಹಾಡು ಶುರುವಾಗೋದು ಡ್ರಮ್ಮಿನವನ ಎಣಿಕೆಯಿಂದ. ನಾನು ಕೋಲಿಗೆ ಕೋಲು ಹೊಡೆದು ಒಂದು, ಎರಡು, ಮೂರು, ನಾಲ್ಕು ಅನ್ನಬೇಕು, ಆಮೇಲೆ ಎಲ್ಲರೂ ಒಟ್ಟಿಗೆ ಒಳಗೆ ಬರಬೇಕು. ಇವನು ಕಾಯೋ ಪೈಕಿಯೇ ಅಲ್ಲ. 'ಮೂರು' ಅಂದ ಕೂಡಲೇ ಗಂಟಲು ತೆಗೀತಿದ್ದ. ಹತ್ತೊಂಬತ್ತು ವರ್ಷದಲ್ಲಿ ನನ್ನ 'ನಾಲ್ಕು' ಯಾರಿಗೂ ಕೇಳಿಸಿಲ್ಲ! ಎಷ್ಟು ಸಲ ಜಗಳ ಆಡಿದ್ದೀನಿ. "ಲೋ, ನಿನ್ನ ಹಿಂದೆ ನಾಯಿ ಅಟ್ಟಿಸಿಕೊಂಡು ಬರ್ತಾ ಇದೆಯೇನೋ?" ಅಂತಿದ್ದೆ. "ನಾಯಿ ಅಲ್ಲ, ನೀನು" ಅಂತಿದ್ದ.

ಆಮೇಲೆ ಅಭ್ಯಾಸ ಆಗಿಹೋಯ್ತು. ಅವನು ಮೊದಲೇ ಬರೋದು, ನಾನು ಎಲ್ಲರನ್ನೂ ಮುಂದಕ್ಕೆ ಎಳೆದು ಅವನನ್ನ ಹಿಡಿಯೋದು. ಕೇಳೋರಿಗೆ ಗೊತ್ತೇ ಆಗ್ತಿರಲಿಲ್ಲ. ಗೊತ್ತಾಗ್ತಿದ್ದದ್ದು ಒಬ್ಬರಿಗೇ — ಅದೋ ಅಲ್ಲಿ, ಮೂರನೇ ಸಾಲಿನಲ್ಲಿ ಕೂತಿದ್ದಾರಲ್ಲ, ಟೈಲರ್ ಅಕ್ಕ. ಅವರ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲೇ ನಮ್ಮ ಪ್ರಾಕ್ಟೀಸು. ಗಲಾಟೆ ಜಾಸ್ತಿಯಾದರೆ ಕತ್ತರಿ ಹಿಡಿಯಿಂದ ನೆಲಕ್ಕೆ — ಹೀಗೆ — ಟಕ್ ಟಕ್ ಅಂತ ಕುಟ್ತಿದ್ದರು. ಒಂದು ದಿನ ಕೆಳಗೆ ಇಳಿದು ಬಂದು, "ನಿಮ್ಮ ಹಾಡುಗಾರನಿಗೆ ಹೇಳಿ, ನನ್ನ ಮೆಷಿನ್ನೂ ಇಷ್ಟು ಜೋರಾಗಿ ಓಡಲ್ಲ" ಅಂದರು. ಅಲ್ವಾ ಅಕ್ಕ? ನಗ್ತಿದ್ದಾರೆ ನೋಡಿ. ನಗಿ ಅಕ್ಕ, ಅವನಿಗೂ ಅದೇ ಇಷ್ಟ.

ಇನ್ನೊಂದು ಅಭ್ಯಾಸ ಇತ್ತು. ಹಾಡಿನ ಮಧ್ಯೆ ಎಂಟು ಏಟು ನನಗೊಬ್ಬನಿಗೇ ಬಿಡ್ತಿದ್ದರು. ಎಲ್ಲ ವಾದ್ಯ ನಿಲ್ಲುತ್ತೆ, ಡ್ರಮ್ ಮಾತ್ರ. ಅದಕ್ಕೆ ಅವನದೊಂದು ಸನ್ನೆ — ಹಾಡುವಾಗ ಅವನ ಹೆಗಲಲ್ಲೂ ಒಂದು ಗಿಟಾರು ಇರ್ತಿತ್ತಲ್ಲ, ಅದರ ಮರದ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ, ಎಡಭುಜದ ಮೇಲಿಂದ ಹೀಗೆ ತಿರುಗಿ ನೋಡ್ತಿದ್ದ. 'ಹೂಂ, ನಿನ್ನ ಸರದಿ' ಅಂತ. ಇದನ್ನ ನೆನಪಿಟ್ಟುಕೊಳ್ಳಿ. ಎರಡು ಸಲ ಕುಟ್ಟೋದು, ತಿರುಗಿ ನೋಡೋದು.

ಮೂರು ವರ್ಷದ ಹಿಂದೆ ಅವನು ಒಂದು ನಿಧಾನದ ಹಾಡು ಬರೆದು ತಂದ. ತುಂಬಾ ನಿಧಾನ. ಅವನ ತಾಯಿ ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಅದು ನನಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಅವನು ಹಾಡಿ ಮುಗಿಸಿದ. ಎಲ್ಲರೂ ನನ್ನ ಕಡೆ ನೋಡಿದರು. ನಾನು, "ಇದಕ್ಕೆ ಎಲ್ಲಿ ಬಾರಿಸಲಿ? ನೀನು ಹಾಡ್ತಾ ಇರು, ನಾನು ಹಿಂದೆ ಕೂತು ಸ್ವೆಟರ್ ಹೆಣೀತೀನಿ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು, "ಒಂದೇ ಒಂದು ಸಲ ಪ್ರಯತ್ನ ಮಾಡೋಣ ಕಣೋ" ಅಂದ. ಅಲ್ಲಿಗೆ ಬಿಡಬೇಕಿತ್ತು ನಾನು. ಬಿಡಲಿಲ್ಲ. ಕೋಲು ಕೆಳಗಿಟ್ಟು, "ನಿನ್ನ ಹಾಡಿನಲ್ಲಿ ನನಗೆ ಜಾಗವೇ ಇಲ್ಲ. ನಿನಗೆ ಬೇಕಾಗಿರೋದು ಬ್ಯಾಂಡ್ ಅಲ್ಲ, ಒಂದು ಕರ್ಚೀಫು" ಅಂದೆ.

ಆವಾಗ ಯಾರೂ ನಗಲಿಲ್ಲ. ಅವನು ಮೈಕಿನ ವೈರನ್ನ ನಿಧಾನಕ್ಕೆ ಸುತ್ತಿದ, ಅಂಗೈಗೂ ಮೊಣಕೈಗೂ, ದಿನಾ ಸುತ್ತೋ ಹಾಗೇ. ಚೀಲಕ್ಕೆ ಹಾಕಿಕೊಂಡ. "ಬರ್ತೀನಿ" ಅಂದ. ಮಾರನೇ ದಿನ ಬರಲಿಲ್ಲ.

ಅವನು ಬ್ಯಾಂಡ್ ಬಿಟ್ಟು ಹೋದ ಅಂತ ಎಲ್ಲ ಕಡೆ ಬಂತು. ಈಗ ಮಾತಾಡಿದವರೂ ಹಾಗೇ ಅಂದರು — 'ಬ್ಯಾಂಡನ್ನು ತೊರೆದು ಏಕಾಂತದ ಕಡೆ ನಡೆದ ಕಲಾವಿದ'. ಇಲ್ಲ ಸ್ವಾಮಿ. ಅವನು ತೊರೆದದ್ದಲ್ಲ. ನಾನು ಕಳಿಸಿದ್ದು.

ಆಮೇಲೆ ಅವನು ವಾದ್ಯದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಹಳೇ ಗಿಟಾರಿಗೆ ತಂತಿ ಕಟ್ಟೋದು, ಶ್ರುತಿ ಮಾಡೋದು. ಅಂಗಡಿಯ ಹಿಂದಿನ ಸಾಮಾನಿನ ಕೋಣೆಯಲ್ಲೇ, ರಟ್ಟಿನ ಪೆಟ್ಟಿಗೆಗಳ ಮಧ್ಯೆ, ಆ ಎಂಟು ಹಾಡಿನ ಆಲ್ಬಮ್ ಮಾಡಿದ. ಒಬ್ಬನೇ. ಒಂದು ಗಿಟಾರು, ಒಂದು ಗಂಟಲು, ರೆಕಾರ್ಡ್ ಮಾಡೋಕೊಬ್ಬರು, ಅಷ್ಟೇ. ಹೋದ ವರ್ಷ ಅದು ಹೊರಗೆ ಬಂದಾಗ ನನ್ನ ವರ್ಕ್‌ಶಾಪಿಗೆ ತಾನೇ ಬಂದ. ಕೈಯಲ್ಲಿ ಒಂದು ಸಿ.ಡಿ. "ಈ ಕಾಲದಲ್ಲಿ ಯಾರೋ ಸಿ.ಡಿ. ಕೇಳ್ತಾರೆ?" ಅಂದೆ. "ನಿನ್ನ ವ್ಯಾನಿನಲ್ಲಿ ಇದು ಮಾತ್ರ ತಾನೇ ಓಡೋದು, ಅದಕ್ಕೇ ಇದೊಂದು ಬೇರೆ ಹಾಕಿಸಿದೆ. ಆರನೇದು ಕೇಳು" ಅಂದ. ಟೀ ಕುಡಿದ, ಹೋದ.

ನಾನು ಅದನ್ನ ಸ್ಪ್ಯಾನರ್ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಕೇಳಲಿಲ್ಲ. ಯಾಕೆ ಅಂತೀರಾ? ನಾನಿಲ್ಲದೆ ಅವನು ಚೆನ್ನಾಗಿ ಹಾಡಿಬಿಟ್ಟಿದ್ದರೆ ಅನ್ನೋ ಭಯ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ, ಅದೇ ಸರಿ.

ಎರಡು ತಿಂಗಳಾದ ಮೇಲೆ ಫೋನ್ ಮಾಡಿದ. ನಾನು ನಾಲ್ಕನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿ ಮೇಲೆ ನಿಂತಿದ್ದೆ, ಕೈ ತುಂಬಾ ಗ್ರೀಸು. ಫೋನನ್ನ ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು — ಹೀಗೆ — ಮಾತಾಡಿದೆ.

"ಕೇಳಿದೆಯೇನೋ?"

"ಓ, ಕೇಳಿದೆ. ಚೆನ್ನಾಗಿದೆ."

"ಆರನೇದು?"

"ಅದೇ ಎಲ್ಲಕ್ಕಿಂತ ಚೆನ್ನಾಗಿದೆ."

ಆಮೇಲೆ, "ಅದರಲ್ಲಿ ಏನಾದರೂ ಕಮ್ಮಿ ಇದೆ ಅನ್ನಿಸಲಿಲ್ವಾ?" ಅಂದ.

ನಾನಂದೆ — ಅತ್ತಿಗೆ, ನಾನು ಏನಂದೆ ಕೇಳಿ — "ಏನೂ ಕಮ್ಮಿ ಇಲ್ಲ ಕಣೋ. ತುಂಬಿ ತುಳುಕ್ತಾ ಇದೆ" ಅಂದೆ.

"ಹಾಗಾದರೆ ಸರಿ" ಅಂದ. "ಎಲ್ಲಿದ್ದೀಯ, ಲಿಫ್ಟ್ ಮೇಲಾ? ಹುಷಾರು" ಅಂದ. ಇಟ್ಟ. ಅದಾದ ಮೇಲೆ ಅವನು ಆ ಹಾಡಿನ ಮಾತೇ ಎತ್ತಲಿಲ್ಲ.

ಎರಡು ವಾರದ ಹಿಂದೆ ಆ ಅಂಗಡಿಯಲ್ಲೇ, ಬೆಳಿಗ್ಗೆ ಹತ್ತೂವರೆಗೆ, ಸ್ಟೂಲಿನ ಮೇಲೆ ಕೂತಲ್ಲೇ ಅವನ ಹೃದಯ ನಿಂತಿತು. ಕಿವಿಯನ್ನ ಗಿಟಾರಿಗೆ ಆನಿಸಿಕೊಂಡಿದ್ದನಂತೆ. ಶ್ರುತಿ ನೋಡ್ತಿದ್ದಾನೆ ಅಂದುಕೊಂಡು ಯಾರೂ ಮಾತಾಡಿಸಲಿಲ್ಲವಂತೆ.

ನಾನು ಆಲ್ಬಮ್ ಕೇಳಿದ್ದು ಆಮೇಲೆ. ಮೂರನೇ ದಿನ, ವ್ಯಾನಿನಲ್ಲಿ, ಒಂದು ಅಪಾರ್ಟ್‌ಮೆಂಟಿನ ಗೇಟಿನ ಮುಂದೆ. ಮೇಲೆ ಲಿಫ್ಟ್ ಕೆಟ್ಟು ಜನ ಮೆಟ್ಟಿಲು ಹತ್ತುತ್ತಾ ನನಗೆ ಶಾಪ ಹಾಕ್ತಿದ್ದರು. ಮೊದಲ ಹಾಡಿನಲ್ಲೇ ನನಗೆ ಗಾಬರಿಯಾಯ್ತು. ಅವಸರದವನು — ತಡವಾಗಿ ಬರ್ತಾನೆ! ಗಿಟಾರು ಶುರುವಾಗುತ್ತೆ, ಅವನು ಬರಬೇಕಾದ ಕಡೆ ಬರಲ್ಲ, ಒಂದು ಏಟು ದಾಟಿದ ಮೇಲೆ ಬರ್ತಾನೆ. ಎರಡನೇದರಲ್ಲೂ ಹಾಗೇ, ಮೂರನೇದರಲ್ಲೂ ಹಾಗೇ. ಕೇಳಿದವರು ಅದನ್ನ ವಿಷಾದ ಅಂತ ಬರೆದರು. ಇರಬಹುದು. ಆದರೆ ರೆಕಾರ್ಡ್ ಮಾಡಿದವರು ಇಲ್ಲೇ ಇದ್ದಾರೆ, ಅವರು ನನಗೆ ಒಂದು ಮಾತು ಹೇಳಿದರು. ಪ್ರತಿ ಹಾಡಿಗೂ ಮುಂಚೆ ಅವನು ಎಡಭುಜದ ಮೇಲಿಂದ ಒಂದು ಸಲ ಹಿಂದೆ ತಿರುಗಿ ನೋಡ್ತಿದ್ದನಂತೆ. ಹಿಂದೆ ಏನಿತ್ತು ಸಾರ್ ಅಂದೆ. ರಟ್ಟಿನ ಪೆಟ್ಟಿಗೆ ಅಂದರು.

ಆಮೇಲೆ ಆರನೇದು ಬಂತು. 'ಕುರ್ಚಿ ಎಳೆದಿಟ್ಟಿದ್ದೇನೆ, ಬರೋದಾದರೆ ಬಾ' ಅಂತ ಇದೆಯಲ್ಲ, ಅದು. ನೀವು ಇದನ್ನ ಪ್ರೇಮದ ಹಾಡು ಅಂದಿರಿ. ಅತ್ತಿಗೆ ಮಾತ್ರ ನಂಬಿರಲಿಲ್ಲ, "ನನಗೆ ಯಾವತ್ತು ಕುರ್ಚಿ ಎಳೆದುಕೊಟ್ಟಿದ್ದಾರೆ ಇವರು?" ಅಂತ ಮೊನ್ನೆ ಅಳ್ತಾ ಅಳ್ತಾ ನಕ್ಕರು. ಹಾಡಿನ ಮಧ್ಯಕ್ಕೆ ಬಂದಾಗ ಗಿಟಾರ್ ನಿಲ್ಲುತ್ತೆ. ಮರದ ಮೇಲೆ — ಟಕ್, ಟಕ್.

ಆಮೇಲೆ ಏನೂ ಇಲ್ಲ.

ನೀವೆಲ್ಲ ಅದನ್ನ ಮೌನ ಅಂದಿರಿ, ಧ್ಯಾನ ಅಂದಿರಿ, ಚಪ್ಪಾಳೆ ತಟ್ಟಿದಿರಿ. ನನಗೆ ಆ ಕುಟ್ಟು ಗೊತ್ತಿತ್ತು. ಮತ್ತೆ ಹಾಕಿದೆ. ಮತ್ತೆ ಹಾಕಿದೆ. ಮೂರನೇ ಸಲಕ್ಕೆ ಬೆರಳು ತಾನಾಗಿಯೇ ಸ್ಟೇರಿಂಗ್ ಮೇಲೆ ಹೋಯ್ತು. ಟಕ್ ಟಕ್ ಆದ ಮೇಲೆ ನನ್ನ ಎಂಟು ಏಟು ಹೊಡೆಯೋಕೆ ಶುರು ಮಾಡಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು — ಎಂಟನೇದಕ್ಕೆ ಕೈ ಎತ್ತಿದ್ದೀನಿ, ಬಿದ್ದಿಲ್ಲ ಇನ್ನೂ —

ಬಂದುಬಿಟ್ಟ! ಮೊದಲೇ! ನನ್ನ ಎಂಟು ಮುಗಿಯೋಕೆ ಬಿಡದೆ, ಥೇಟ್ ಅವನೇ, ಅವಸರ!

ಉಳಿದ ಏಳು ಹಾಡಿನಲ್ಲಿ ತಡ. ಈ ಜಾಗದಲ್ಲಿ ಮಾತ್ರ ಮೊದಲೇ. ಆ ಕೋಣೆಯಲ್ಲಿ ನಿಂತು ಅವನು ನನ್ನ ಡ್ರಮ್ಮನ್ನ ಮನಸ್ಸಿನಲ್ಲಿ ಕೇಳಿಸಿಕೊಂಡೇ ಹಾಡಿದ್ದಾನೆ. 'ನಿನ್ನ ಹಾಡಿನಲ್ಲಿ ನನಗೆ ಜಾಗ ಇಲ್ಲ' ಅಂದಿದ್ದೆನಲ್ಲ. ಜಾಗ ಮಾಡಿ, ಅಳತೆ ನೋಡಿ, ನನ್ನ ಬಾಗಿಲಿಗೆ ತಂದುಕೊಟ್ಟ. ಏನಾದರೂ ಕಮ್ಮಿ ಇದೆಯಾ ಅಂತ ಬಾಯಿಬಿಟ್ಟು ಕೇಳಿದ. ನಾನು ಕೇಳಿಯೂ ನೋಡದೆ, ಏನೂ ಕಮ್ಮಿ ಇಲ್ಲ ಅಂದೆ.

ಪುಟ್ಟಾ, ಅಪ್ಪ ಅಲ್ಲಿ ಉಸಿರು ತಗೊಳ್ತಿಲ್ಲ. ಅಲ್ಲಿ ನನ್ನನ್ನ ಕಾಯ್ತಿದ್ದಾನೆ.

ರೆಕಾರ್ಡಿಂಗಿನವರು ಒಳ್ಳೆ ಮನಸ್ಸಿನಿಂದ ಹೇಳಿದರು, "ಈಗಲಾದರೂ ಬಾರಿಸಿ, ಸೇರಿಸಿಬಿಡೋಣ" ಅಂತ. ಮೊನ್ನೆ ಹೋಗಿ ಕೂತೆ ಕೂಡ. ಕೋಲು ಹಿಡಿದೆ. ಆಗಲಿಲ್ಲ. ಯಾರಿಗೆ ಬಾರಿಸಲಿ? ತಿರುಗಿ ನೋಡೋನು ಬೇಕಲ್ಲ. ಎದ್ದು ಬಂದೆ. ಅತ್ತಿಗೆ, ನಿಮ್ಮ ಹತ್ತಿರ ಕ್ಷಮೆ ಕೇಳಿದರೆ ನೀವು ಕೊಟ್ಟುಬಿಡ್ತೀರಿ, ನಿಮ್ಮ ಗುಣ ನನಗೆ ಗೊತ್ತು. ಆದರೆ ಅದು ನಿಮ್ಮ ಕೈಲಿರೋದಲ್ಲ. ಕೆಟ್ಟ ಲಿಫ್ಟಿಗೆ ಏನು ಮಾಡಬೇಕು ಅಂತ ನನಗೆ ಗೊತ್ತು. ಇದಕ್ಕೆ ಏನು ಮಾಡಬೇಕು ಅಂತ — ನಿಜವಾಗಿ ಹೇಳ್ತೀನಿ — ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಸಭೆ ಮುಗಿದ ಮೇಲೆ ಹೇಳಿ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಟೈಲರ್ ಅಕ್ಕ, ನಿಮಗೆ ಮಂಡಿ ನೋವಿದ್ದರೆ ಕೂತೇ ಇರಿ, ಪರವಾಗಿಲ್ಲ. ಹಿಂದಿನವರೂ ಎದ್ದಿರಾ? — ಸರಿ.

ಅವನಿಗಾಗಿ ಸ್ವಲ್ಪ ಹೊತ್ತು ಸುಮ್ಮನಿರೋಣ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ. ಶುರು ನಾನು ಮಾಡಿಕೊಡ್ತೀನಿ, ಅದು ನನ್ನ ಕೆಲಸ. ಎಣಿಸ್ತೀನಿ. ಆದರೆ ಮೂರರ ತನಕ ಮಾತ್ರ. ನಾಲ್ಕು ಅನ್ನಲ್ಲ. ಆ ಜಾಗ ಅವನಿಗೆ ಬಿಟ್ಟಿದ್ದೀನಿ.

ಒಂದು —

ಎರಡು —

ಮೂರು —