ಮುನಿಸಿನ ಬೆಂಚು

ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಸಾಕು. ಇದು ಕಟ್ಟುಕತೆ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಿಂದಿನ ಬೀದಿಯ ಟೈಲರಮ್ಮನಿಗೆ ಆದದ್ದು. ನಂಬಿಕೆ ಬಾರದವರು ನಾಳೆ ಅವಳ ಅಂಗಡಿಗೇ ಹೋಗಿ ಕೇಳಿ. ಕೈಯಲ್ಲಿ ಕತ್ತರಿ ಇರುವಾಗ ಮಾತ್ರ ಕೇಳಬೇಡಿ.

ಚಳಿಗಾಲದ ಒಂದು ಭಾನುವಾರ. ಕತ್ತಲಾದ ಮೇಲೆ ಮೂವರು ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದರು. ಮುಂದೆ ಗಂಡ, ನಡುವೆ ಅತ್ತೆ, ಎಲ್ಲರಿಗಿಂತ ಹಿಂದೆ ಟೈಲರಮ್ಮ. ತಿರುವಿನಲ್ಲಿ ತಗಡು ಮುಚ್ಚಿದ ಹಳೇ ಬಾವಿ ಇದೆಯಲ್ಲ, ಅದನ್ನು ಹಾದೇ ಬರಬೇಕು. ಅವರ ಹಿತ್ತಿಲು ಇರುವುದೂ ಅದೇ ಕಡೆಗೆ. ಗಾಳಿಗೆ ತಗಡು ಒಮ್ಮೆ 'ಡಂಯ್' ಎಂದಿತು. ಅತ್ತೆ ಶಾಲು ಬಿಗಿ ಮಾಡಿಕೊಂಡರು.

"ಬೇಗ ನಡಿ," ಎಂದರು ಪಿಸುದನಿಯಲ್ಲಿ. "ಆ ಕಡೆ ನೋಡ್ಬೇಡ."

ಟೈಲರಮ್ಮ ತುಟಿ ಪಿಟಕ್ ಎನ್ನಲಿಲ್ಲ. ಹೆದರಿಕೆಯಿಂದಲ್ಲ. ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಅವಳಿಗೇ ಗೊತ್ತಿರಲಿಲ್ಲ, ಅಷ್ಟು ಸಿಟ್ಟು.

ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು, ಅದೇ ನೋಡಿ ಹೊಟ್ಟೆ ಉರಿಯುವುದು. ಮೂವರೂ ಕೆರೆಯ ದಂಡೆಗೆ ಹೋಗಿದ್ದರು. ಎಳೆ ಬಿಸಿಲು, ಫ್ಲಾಸ್ಕಿನ ತುಂಬ ಟೀ, ಒಂದು ಚೀಲ ಕಿತ್ತಳೆ. ತಿಂಗಳುಗಟ್ಟಲೆ ಸೂಜಿ ಹಿಡಿದಿದ್ದ ಕೈಯನ್ನು ಅವಳು ಸುಮ್ಮನೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತೆ ಚಪ್ಪಲಿ ಬಿಚ್ಚಿ ಕಾಲು ನೀಡಿ, ತೀರಿಹೋದ ಮಾವ ಹಿಂದೊಮ್ಮೆ ಇದೇ ಕೆರೆಯಲ್ಲಿ ದೋಣಿ ಹುಟ್ಟು ಹಾಕಿ ಜಂಭ ತೋರಿಸಲು ಹೋಗಿ ದೊಪ್ಪನೆ ನೀರಿಗೆ ಬಿದ್ದದ್ದನ್ನು ಹೇಳಿ ನಗಿಸುತ್ತಿದ್ದರು. ಗಂಡ ಕಿತ್ತಳೆ ಸುಲಿಯುತ್ತಿದ್ದ.

"ಅಂದಹಾಗೆ," ಅಂದ ಮಹಾರಾಯ, "ಬರೋ ತಿಂಗಳಿಂದ ಮುಂದಿನ ರೂಮು ನನ್ನ ಫ್ರೆಂಡಿಗೆ ಕೊಟ್ಟಿದೀನಿ. ಮೊಬೈಲ್ ಅಂಗಡಿ ಹಾಕ್ತಾನೆ. ಮಾತು ಕೊಟ್ಟಾಗಿದೆ."

ಮುಂದಿನ ರೂಮು ಅಂದರೆ ಅವಳ ಟೈಲರಿಂಗ್ ಅಂಗಡಿ. ಮದುವೆಯಾಗಿ ಬಂದಾಗ ಅಲ್ಲಿ ಮುರಿದ ಮಂಚ, ಜೇಡರ ಬಲೆ ಬಿಟ್ಟರೆ ಏನೂ ಇರಲಿಲ್ಲ. ಸುಣ್ಣ ಬಳಿದು, ಹಲಗೆ ಹೊಡೆಸಿ, ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೂಡಿಸಿಕೊಂಡವಳು ಅವಳು.

"ನನ್ನ ಮಷೀನು?"

"ಅಡುಗೆಮನೆ ಪಕ್ಕ ಇಟ್ಕೊ. ಹೊಲಿಯೋಕೆ ಅಷ್ಟು ಜಾಗ ಸಾಲ್ದಾ?"

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಈಗ ಹೇಳ್ತಿದೀನಲ್ಲ. ತಗೋ, ಸಿಹಿಯಾಗಿದೆ," ಎಂದು ಒಂದು ತೊಳೆ ಮುಂದೆ ಹಿಡಿದ.

ಅತ್ತೆಯಾದರೂ ಸುಮ್ಮನಿರಬಾರದೇ? "ಮನೇಲೇ ಹೊಲಿದ್ರೆ ಸೂಜಿ ಮುನಿಸ್ಕೊಳ್ಳುತ್ತಾ?" ಅಂದರು. ಬೆಂಕಿಗೆ ತುಪ್ಪ ಸುರಿದಂತಾಯಿತು. ನನಗೆ ಹೇಳುವಾಗಲೇ ಮೈ ಉರಿಯುತ್ತಿದೆ, ಅವಳಿಗೆ ಹೇಗಾಗಿರಬೇಡ!

ಈಗ ಆ ಮನೆಯ ಒಂದು ಕಾನೂನು ನಿಮಗೆ ಗೊತ್ತಿರಬೇಕು. ಮಾವ ಮಾಡಿಟ್ಟು ಹೋದದ್ದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಅವರ ಮನೆಯಲ್ಲಿ ಕರೆಯುವ ತನಕ. ಯಾರಿಗೆ ಕೋಪ ಬಂತೋ ಅವರು ಹಿತ್ತಿಲ ಬೆಂಚಿನ ಮೇಲೆ ಹೋಗಿ ಕೂರುವುದು. ಕೋಪ ಬರಿಸಿದವರೇ ಬಾಗಿಲು ತೆರೆದು 'ಒಳಗೆ ಬಾ' ಅನ್ನಬೇಕು. ಬೇರೆ ಯಾರು ಕರೆದರೂ ಲೆಕ್ಕಕ್ಕಿಲ್ಲ. ಕರೆದರೆ ತಪ್ಪೊಪ್ಪಿಕೊಂಡಂತೆ. ಕೂತವರು ತಾವಾಗಿಯೇ ಎದ್ದು ಬಂದರೆ ಅವರು ಸೋತಂತೆ, ಆಮೇಲೆ ಆ ಮಾತು ಎತ್ತುವ ಹಾಗಿಲ್ಲ. ಮಾವನೇ ಒಮ್ಮೆ ಮುನಿದು ಹೋಗಿ ಕೂತು, ನಿದ್ದೆ ಹೋಗಿ, ಎದ್ದಾಗ ಮಡಿಲಲ್ಲಿ ಬೀದಿ ಬೆಕ್ಕು ಮಲಗಿತ್ತಂತೆ. ನಗುವಂಥ ಕಾನೂನೇ. ಆ ದಿನದ ತನಕ ಟೈಲರಮ್ಮನೂ ನಕ್ಕಿದ್ದಳು.

ಮನೆಗೆ ಬಂದವಳೇ ಕೈಚೀಲ ಎಸೆದು, ನೆಟ್ಟಗೆ ಹಿತ್ತಿಲಿಗೆ ಹೋಗಿ ಕೂತಳು.

ಚಳಿ ಹಲಗೆಯಿಂದ ಮೂಳೆಗೆ ಹತ್ತುತ್ತಿತ್ತು. ಗಂಡ ಟಿವಿ ಹಾಕಿದ. ಗಲಗಲ... ಗಲಗಲ... ಕರೆಯುತ್ತಾನೆ, ಈ ಹಾಡು ಮುಗಿದ ಮೇಲೆ ಕರೆಯುತ್ತಾನೆ ಅಂದುಕೊಂಡಳು. ಹಾಡು ಮುಗಿಯಿತು. ಆಮೇಲೆ ಒಳಗಿನಿಂದ ತಟ್ಟೆಗೆ ಚಮಚ ತಾಗುವ ಸದ್ದು. ಟಿಣ್... ಟಿಣ್... ಊಟಕ್ಕೆ ಕೂತಿದ್ದಾನೆ! ಅವಳ ಕೋಪ ನೆತ್ತಿಗೇರಿತು. ಬೆಳಗಾಗಲಿ, ಹೆಣವಾಗಲಿ, ತಾನಾಗಿ ಏಳುವುದಿಲ್ಲ ಎಂದು ಹಲ್ಲು ಕಚ್ಚಿದಳು.

ಆಗ ಬೆಂಚು 'ಕಿರ್ರ್' ಎಂದಿತು.

ಅವಳು ಅಲುಗಿರಲಿಲ್ಲ. ಆ ತುದಿ ತುಸು ತಗ್ಗಿತು... ಯಾರೋ ಕೂತರೆ ತಗ್ಗುವಷ್ಟು. ಪಕ್ಕದ ಮನೆಯಾಕೆ ಕನಿಕರ ತೋರಿಸಲು ಬಂದಿರಬೇಕು ಅಂದುಕೊಂಡಳು. ಅದಕ್ಕೂ ಸಿಟ್ಟು ಬಂತು. ತಿರುಗಿ ನೋಡಲಿಲ್ಲ.

"ಕರೀಲಿಲ್ವಾ?" ಪಿಸುಮಾತು. ಗಂಟಲು ಕಟ್ಟಿದ ದನಿ.

"ಇಲ್ಲ."

"ಯಾರು ಕರೀಬೇಕು?"

"ಗಂಡ. ನಿಮಗೆ?"

"ಅಮ್ಮ."

"ಏನು ಮಾಡಿದ್ರು?"

"ಕೆಲಸ ಸಿಕ್ಕಿತ್ತು... ಬೇರೆ ಊರಲ್ಲಿ. ನನ್ನ ಕೇಳ್ದೇನೇ, ಅವಳು ಬರಲ್ಲ ಅಂತ ಹೇಳಿ ಕಳಿಸಿದ್ಲು."

"ಅದೇ ಕಣ್ರೀ!" ಟೈಲರಮ್ಮನಿಗೆ ರೋಷ ಉಕ್ಕಿತು. "ಕೇಳೋದೇ ಇಲ್ಲ! ನಮಗೂ ಒಂದು ಬಾಯಿದೆ ಅಂತ ನೆನಪೇ ಇರಲ್ಲ ಇವರಿಗೆ!"

"ಎದ್ದು ಹೋಗ್ಬೇಡ," ಎಂದಿತು ದನಿ. "ನಾನೂ ಹೋಗ್ಲಿಲ್ಲ."

ಆಗ ಅವಳು ಗಮನಿಸಿದಳು. ಮಾತಾಡಿದಾಗಲೆಲ್ಲ ಅವಳ ಬಾಯಿಂದ ಚಳಿಗೆ ಬಿಳಿ ಹೊಗೆ ಬರುತ್ತಿತ್ತು. ಆ ಕಡೆಯಿಂದ ಮಾತು ಬರುತ್ತಿತ್ತು... ಹೊಗೆ ಬರುತ್ತಿರಲಿಲ್ಲ. ಕಣ್ಣು ಮೆಲ್ಲಗೆ ಕೆಳಗೆ ಹೊರಳಿಸಿದಳು. ಎರಡು ಪಾದ. ಬರಿಗಾಲು. ಬೆರಳುಗಳು ನೀಲಿ.

ಜೀವ ಬಾಯಿಗೆ ಬಂತು. ಸುಳ್ಳೇಕೆ ಹೇಳಲಿ, ಯಾರಿಗಾದರೂ ಬರುತ್ತದೆ. ಬಾಗಿಲು ಹತ್ತಿರದಲ್ಲೇ ಇತ್ತು, ಓಡಬಹುದಿತ್ತು. ಆದರೆ ಎದ್ದು ಒಳಗೆ ಹೋದರೆ ಅಂಗಡಿ ಹೋಯಿತು! ದೆವ್ವ ನನ್ನನ್ನು ಹಿಡಿದರೂ ಹಿಡಿಯಲಿ, ಆ ಮೊಬೈಲಿನವನು ನನ್ನ ರೂಮು ಹಿಡಿಯಬಾರದು ಎಂದು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತೇ ಇದ್ದಳು. ಇದನ್ನು ಅವಳೇ ನನಗೆ ಹೇಳಿದ್ದು, ಒಂದಕ್ಷರ ನಾನು ಸೇರಿಸಿಲ್ಲ.

ಚಿಲಕ 'ಖಟಕ್' ಎಂದಿತು. ಬಾಗಿಲು ತೆರೆಯಿತು. ಗಂಡನಲ್ಲ, ಅತ್ತೆ.

"ಸಾಕು, ಬಾರೇ ಒಳಗೆ," ಎಂದರು ಗದರಿಸುವ ದನಿಯಲ್ಲಿ. "ಚಳೀಲಿ ಕೂತು ಸಾಯ್ಬೇಕು ಅಂತಿದೀಯಾ?"

"ನೀವು ಕರೆದ್ರೆ ಆಗಲ್ಲ ಅತ್ತೆ, ಅವರೇ ಬಂದು..."

ಮಾತು ಮುಗಿಯಲಿಲ್ಲ. 'ಕಿರ್ರ್'... ಬೆಂಚಿನ ಆ ತುದಿ ಮೇಲೆದ್ದಿತು. ಆಮೇಲೆ ಮೆಟ್ಟಿಲ ಮೇಲೆ ಇಬ್ಬನಿಗೆ ಒದ್ದೆಯಾದ ಬರಿಗಾಲಿನ ಸದ್ದು. ಪಟ್... ಪಟ್... ಪಟ್... ಅತ್ತೆ ಗೋಡೆಗೆ ಒತ್ತಿಕೊಂಡರು. ಅವರ ಶಾಲಿನ ತುದಿ ಒಳಗಡೆಗೆ ಹಾರಿತು, ಯಾರೋ ಸವರಿಕೊಂಡು ಹೋದಂತೆ. ಗಾಳಿ ಇರಲಿಲ್ಲ.

ಒಳಗೆ ಕುರ್ಚಿ ಎಳೆದ ಸದ್ದು. ಮರುಗಳಿಗೆ ಗಂಡ ಬಾಯಿಯ ತುತ್ತು ಬಾಯಲ್ಲೇ ಇಟ್ಟುಕೊಂಡು ಓಡಿ ಬಂದ.

"ಅಮ್ಮಾ... ನನ್ನ ಎದುರಿನ ಕುರ್ಚಿ... ತಾನಾಗೇ..."

"ಅಕ್ಕ ಕಣೋ," ಎಂದರು ಅತ್ತೆ. "ನಿಮ್ಮಕ್ಕ ಒಳಗೆ ಬಂದ್ಲು. ನಾನು ಕರೆದೆ."

ಗಂಡನಿಗೆ ಒಬ್ಬ ಅಕ್ಕ ಇದ್ದಳು, ಜ್ವರ ಬಂದು ತೀರಿಕೊಂಡಳು ಎಂದಷ್ಟೇ ಟೈಲರಮ್ಮನಿಗೆ ಹೇಳಿದ್ದರು. ಜ್ವರವೂ ಇಲ್ಲ, ಗಿರವೂ ಇಲ್ಲ. ಗಂಡ ಅಲ್ಲೇ, ಹೊಸ್ತಿಲಲ್ಲಿ ನಿಂತು ಎಲ್ಲ ಹೇಳಿದ. ಒಂದು ಚಳಿಗಾಲ ಅಮ್ಮನ ಮೇಲೆ ಮುನಿದು ಅವಳು ಈ ಬೆಂಚಿನ ಮೇಲೆ ಕೂತಳು. ಅಪ್ಪ ಕರೆದ, ತಮ್ಮ ಕರೆದ, ಬರಲಿಲ್ಲ. ಅವರ ಕರೆ ಲೆಕ್ಕಕ್ಕಿಲ್ಲವಲ್ಲ! 'ತಾನಾಗೇ ಬರ್ತಾಳೆ ಬಿಡಿ' ಎಂದು ಅಮ್ಮ ದೀಪ ಆರಿಸಿ ಮಲಗಿದರು. ಬೆಳಿಗ್ಗೆ ನೋಡಿದರೆ ಹಾಗೇ ಕೂತಿದ್ದಳು. ಅಲುಗಿಸಿದರೂ ಏಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಟೈಲರಮ್ಮ ಇನ್ನೂ ಬೆಂಚು ಬಿಟ್ಟಿರಲಿಲ್ಲ.

"ನೀವು ಕರೀರಿ," ಎಂದಳು ಗಂಡನಿಗೆ.

"ಬಾ... ಒಳಗೆ ಬಾ ಮಾರಾಯ್ತಿ."

"ಅಂಗಡಿ?"

"ನಿಂದೇ. ಅವನಿಗೆ ನಾಳೆನೇ ಇಲ್ಲ ಅಂತೀನಿ. ನಂದೇ ತಪ್ಪು. ಬಾ."

ಆಗ ಎದ್ದಳು. ಅಂಗಡಿ ಉಳಿಯಿತು, ಕೋಪ ಇಳಿಯಲಿಲ್ಲ. ಹೊಸ್ತಿಲಲ್ಲಿ ಅತ್ತೆಯ ಎದುರು ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಎರಡು ಮಾತು ಅತ್ತೆ! 'ಒಳಗೆ ಬಾ' ಅನ್ನೋ ಎರಡು ಮಾತು! ಅಷ್ಟಕ್ಕೆ ಒಂದು ಜೀವ ತೆಗೆದ್ರಲ್ಲ!"

ಕೆಲವು ದಿನ ಕಳೆದ ಮೇಲೆ ಅತ್ತೆ ಅಂಗಡಿಗೆ ಬಂದರು. ಮಾತು ಬಿಟ್ಟಿದ್ದ ಸೊಸೆಯ ಮುಂದೆ ಒಂದು ಉಣ್ಣೆ ಬಟ್ಟೆ ಇಟ್ಟರು.

"ಕೋಟು ಹೊಲಿ. ಉದ್ದ ತೋಳಿಂದು."

"ಯಾರಿಗೆ? ಅಳತೆ ಎಲ್ಲಿ?"

"ಇಲ್ಲೇ ನಿಂತಿದಾಳಲ್ಲ. ತಗೋ."

ಟೈಲರಮ್ಮನಿಗೆ ರೇಗಿಹೋಯಿತು. ಮುದುಕಿಗೆ ನಾಚಿಕೆಯಾಗಲಿ ಎಂದೇ ಟೇಪು ಎಳೆದು, ಖಾಲಿ ಗಾಳಿಗೆ ಸುತ್ತಿ, ಎರಡು ತುದಿ ಕೂಡಿಸಲು ಹೋದಳು. ಕೂಡಲಿಲ್ಲ. ಎಳೆದಳು. ಆದರೂ ಕೂಡಲಿಲ್ಲ, ನಡುವೆ ಯಾರೋ ನಿಂತಂತೆ. ಟೇಪಿನ ಮೇಲೆ ಕಂಡ ಅಳತೆಯನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಳು, ಅಷ್ಟೇ.

ನೀವು ನಗಬಹುದು, ನಗಿ. ಕಳೆದ ವಾರ ನನ್ನ ಪ್ಯಾಂಟು ಗಿಡ್ಡ ಮಾಡಿಸಲು ಹೋದಾಗ ಆ ಕೋಟು ಅವಳ ಮೇಜಿನ ಮೇಲೇ ಇತ್ತು, ಈ ಕಣ್ಣಾರೆ ನೋಡಿದ್ದೇನೆ. ಅತ್ತೆಗೆ ಅದು ಉದ್ದ, ಗಂಡನಿಗೆ ಬಿಗಿ, ಅವಳು ಮೈಗೆ ಹಾಕುವುದಿಲ್ಲ. ಆ ಮನೆಯಲ್ಲಿ ನಾಲ್ಕನೆಯವರು ಇಲ್ಲ. ಎರಡೂ ಮೊಣಕೈ ಸವೆದು ತೂತಾಗಿತ್ತು, ಅವಳು ತೇಪೆ ಹಾಕುತ್ತಿದ್ದಳು.